ನೀರು ಬಿಡಬೇಡಿ, ನಾಚಿಕೆ ಬಿಡಿ

ಶಿಗ್ಗಾಂವದಲ್ಲಿ ಹುಬ್ಬಳ್ಳಿ ಬಸ್ ಹತ್ತುವ ಮೊದಲು ಎಷ್ಟು ಸಲ ಶೌಚಾಲಯಕ್ಕೆ ಹೋಗಿ ಬರುತ್ತೀರಿ? ಮನೆಯಲ್ಲೊಮ್ಮೆ, ಸ್ಟ್ಯಾಂಡಿನಲ್ಲೊಮ್ಮೆ. ಆದರೂ ತಡಸ ಕ್ರಾಸ್ ಬರುವಷ್ಟರಲ್ಲಿ ಮತ್ತೆ ಅವಸರ! ಪಕ್ಕದವರು ನಗಿಸಿದರೆ ಭಯ, ಸೀನು ಬಂದರೆ ಎದೆ ಧಸಕ್. "ವೈನಿ, ನಾಳೆ ಶಿಶುನಾಳಕ್ಕ ಹೋಗಿ ಬರೂಣ ಬರ್ರಿ" ಎಂದು ನಾದಿನಿ ಕರೆದರೆ, "ಸೊಂಟ ಹಿಡಕೊಂಡೈತಿ, ನೀ ಹೋಗಿ ಬಾರವಾ" ಎಂಬ ನೆಪ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಆದರೆ ಮೂತ್ರ ಸೋರುವ ಭಯ ಇರುವವರಿಗೆ ಬಸ್ ಹತ್ತುವುದೇ ದೊಡ್ಡ ಕೆಲಸ. "ವಯಸ್ಸಾತು, ಹೆಂಗಸರ ಹಣೆಬರಹ" ಅಂತ ಸುಮ್ಮನಿರಬೇಡಿ. ದಿನನಿತ್ಯದ ಸಣ್ಣ ಬದಲಾವಣೆಗಳಿಂದ ಎಷ್ಟೋ ಮಂದಿಗೆ ಇದು ಹತೋಟಿಗೆ ಬರುತ್ತದೆ.

ಯಾಕೆ ಹೀಗಾಗುತ್ತೆ?

ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಜೋಳಿಗೆಯಂತೆ ಎತ್ತಿ ಹಿಡಿಯುವ ಸ್ನಾಯುಗಳಿವೆ. ಹೆರಿಗೆ, ಮುಟ್ಟು ನಿಲ್ಲುವ ಕಾಲ, ಬೊಜ್ಜು, ಹಳೆಯ ಕೆಮ್ಮು, ಮಲಬದ್ಧತೆ, ಇವುಗಳಿಂದ ಅವು ಸಡಿಲವಾಗುತ್ತವೆ. ಆಗ ಕೆಮ್ಮಿದರೆ, ನಕ್ಕರೆ, ತುಂಬಿದ ಕೊಡ ಎತ್ತಿದರೆ ಹನಿ ಜಾರುತ್ತದೆ. ಇನ್ನು ಕೆಲವರಿಗೆ ಮೂತ್ರಕೋಶ ತುಂಬುವ ಮೊದಲೇ ಹಿಂಡಿಕೊಂಡು, ಬಾಗಿಲು ಮುಟ್ಟುವಷ್ಟು ಪುರುಸೊತ್ತೂ ಸಿಗುವುದಿಲ್ಲ. ಎರಡೂ ಒಟ್ಟಿಗೆ ಇರಬಹುದು.

ನೀರು ಕಡಿಮೆ ಮಾಡಿದರೆ?

ನಾವೆಲ್ಲ ಮಾಡುವ ದೊಡ್ಡ ತಪ್ಪು ಇದೇ. ನೀರು ಬಿಟ್ಟರೆ ಮೂತ್ರ ದಟ್ಟವಾಗಿ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ. ಸೋಂಕು, ಮಲಬದ್ಧತೆಗೂ ದಾರಿ. ವೈದ್ಯರು ಮಿತಿ ಹೇಳಿರದಿದ್ದರೆ ದಿನಕ್ಕೆ ಆರೆಂಟು ಲೋಟ ನೀರು, ಒಮ್ಮೆಗೇ ಗಟಗಟ ಅಲ್ಲ, ಹಂಚಿಕೊಂಡು ಕುಡಿಯಿರಿ. ಮಲಗುವ ಎರಡು ತಾಸು ಮೊದಲು ನಿಲ್ಲಿಸಿ. ಕಡಿಮೆ ಮಾಡಬೇಕಾದ್ದು ಚಹಾ, ಕಾಫಿ. ದಿನಕ್ಕೆ ಐದಾರು ಸಲ ಕುಡಿಯುವವರು ನಿಧಾನಕ್ಕೆ ಎರಡಕ್ಕೆ ಇಳಿಸಿ.

ಹಿಡಿಯಿರಿ, ಬಿಡಿ

ಅಮೆರಿಕದ ಸ್ತ್ರೀರೋಗ ತಜ್ಞ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಚಾರಕ್ಕೆ ತಂದ ವ್ಯಾಯಾಮ ಇದು. ನಾಲ್ಕು ಜನರ ನಡುವೆ ವಾಯು ಬಾರದಂತೆ ತಡೆಯುತ್ತೀರಲ್ಲ, ಹಾಗೆ ಕೆಳಗಿನ ಸ್ನಾಯುಗಳನ್ನು ಒಳಗೆ, ಮೇಲಕ್ಕೆ ಎಳೆದುಕೊಳ್ಳಿ. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಹಿಡಿಯಬಾರದು. ಐದು ಎಣಿಸುವವರೆಗೆ ಹಿಡಿಯಿರಿ, ಐದು ಎಣಿಸುವವರೆಗೆ ಪೂರ್ತಿ ಸಡಿಲ ಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ರೂಢಿಯಾದಂತೆ ಹತ್ತು ಎಣಿಕೆಗೆ ಏರಿಸಿ. ಕುಕ್ಕರ್ ಸೀಟಿಗೆ ಕಾಯುವಾಗ, ಧಾರಾವಾಹಿ ನೋಡುವಾಗ ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ! ಮೂತ್ರ ಮಾಡುತ್ತಿರುವಾಗ ಮಾತ್ರ ಈ ಅಭ್ಯಾಸ ಬೇಡ. ವಾರದಲ್ಲೇ ಫಲ ಕಾಣದೆಂದು ಬಿಡಬೇಡಿ, ಕನಿಷ್ಠ ಮೂರು ತಿಂಗಳು ಮಾಡಿ. ಸೀನುವ, ಕೊಡ ಎತ್ತುವ ಮುನ್ನವೂ ಒಮ್ಮೆ ಬಿಗಿಹಿಡಿಯಿರಿ.

ಹೊತ್ತು ತಿದ್ದಿ

"ಎದಕ್ಕೂ ಇರ್ಲಿ" ಅಂತ ಪದೇ ಪದೇ ಹೋಗುವುದರಿಂದ ಮೂತ್ರಕೋಶ ಸ್ವಲ್ಪಕ್ಕೇ ತಕರಾರು ತೆಗೆಯುವುದನ್ನು ಕಲಿಯುತ್ತದೆ. ಮೂರು ದಿನ ಎಷ್ಟು ಹೊತ್ತಿಗೆ ಹೋದಿರಿ, ಯಾವಾಗ ಸೋರಿತು ಎಂದು ಹಾಲಿನ ಲೆಕ್ಕದಂತೆ ಬರೆದಿಡಿ. ತಾಸಿಗೊಮ್ಮೆ ಹೋಗುತ್ತಿದ್ದರೆ ಈ ವಾರ ಕಾಲು ತಾಸು ಮುಂದೂಡಿ, ಮುಂದಿನ ವಾರ ಇನ್ನಷ್ಟು. ಮೂರು ತಾಸಿನ ಅಂತರ ನಿಮ್ಮ ಗುರಿ. ಅವಸರವಾದಾಗ ಓಡಬೇಡಿ. ಕುಳಿತು ಐದಾರು ಸಲ ಬೇಗ ಬೇಗ ಬಿಗಿದು ಬಿಡಿ, ಒತ್ತಡ ಇಳಿದ ಮೇಲೆ ನಿಧಾನ ನಡೆಯಿರಿ.

ಅಡುಗೆಮನೆಯಲ್ಲೇ ಮದ್ದು

* ಜೋಳದ ರೊಟ್ಟಿ, ಕಾಳುಪಲ್ಲೆ, ಸೊಪ್ಪು ಚೆನ್ನಾಗಿ ತಿನ್ನಿ. ಮಲಬದ್ಧತೆ ತಪ್ಪಿದರೆ ತಿಣುಕುವುದೂ ತಪ್ಪುತ್ತದೆ.
* ಮಿರ್ಚಿ, ಸವಣೂರ ಖಾರಾ ತಿಂದ ದಿನ ತೊಂದರೆ ಹೆಚ್ಚುತ್ತದೆಯೇ? ಗಮನಿಸಿ, ಹೌದಾದರೆ ಮಿತಿಯಿಡಿ.
* ಬೊಜ್ಜಿದ್ದರೆ ಸ್ವಲ್ಪ ಇಳಿಸಿ. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸರಾಸರಿ ಶೇ 8ರಷ್ಟು ತೂಕ ಇಳಿಸಿದ ಮಹಿಳೆಯರಿಗೆ ವಾರದ ಸೋರಿಕೆ ಹೆಚ್ಚುಕಮ್ಮಿ ಅರ್ಧದಷ್ಟು ತಗ್ಗಿತ್ತು.
* ಹೊರಗೆ ಹೋಗುವಾಗ ಪ್ಯಾಡ್ ಬಳಸಿ, ಒದ್ದೆಯಾದ ಕೂಡಲೇ ಬದಲಿಸಿ.

ವೈದ್ಯರ ಬಳಿ ಯಾವಾಗ?

ಉರಿ, ಜ್ವರ, ಮೂತ್ರದಲ್ಲಿ ರಕ್ತ, ಸದಾ ಸೋರಿಕೆ, ಕೆಳಗೆ ಏನೋ ಜಾರಿದಂತೆ ಅನಿಸುವುದು, ಇದ್ದರೆ ತಡಮಾಡಬೇಡಿ. ಬೆನ್ನುನೋವು, ಕಾಲು ಜೋಮಿನ ಜೊತೆ ಒಮ್ಮೆಲೇ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ, ಕೆಲವು ಬಿಪಿ ಮಾತ್ರೆಗಳಿಂದಲೂ ಮೂತ್ರ ಹೆಚ್ಚಬಹುದು. ಮಾತ್ರೆಯನ್ನು ನೀವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಿ. ಮೂರು ತಿಂಗಳ ಅಭ್ಯಾಸದ ಮೇಲೂ ಗುಣ ಕಾಣದಿದ್ದರೆ ಔಷಧಿ, ಶಸ್ತ್ರಚಿಕಿತ್ಸೆಗಳೂ ಇವೆ. ಹೇಳಲು ಸಂಕೋಚವೇ? "ಕೆಮ್ಮಿದರ ಒದ್ದಿ ಆಗ್ತದರಿ" ಅಂದರೆ ಸಾಕು, ವೈದ್ಯರಿಗೆ ಅರ್ಥವಾಗುತ್ತದೆ.

ಇವತ್ತು ಕುಕ್ಕರಿನ ಮೊದಲ ಸೀಟಿಗೇ ಶುರು ಮಾಡಿ. ಮುಂದಿನ ಸಲ ನಾದಿನಿ ಕರೆದಾಗ ಸೊಂಟದ ನೆಪ ಹೇಳದೆ, "ನಡಿಯವಾ, ಹೋಗೂಣು" ಅನ್ನಿ!