ಇಂಚು, ಸೆಂಟು, ಅಡಿ
ಕಕ್ಕಡದ ಕೊಡಗಿನಲ್ಲಿ ನಾಲ್ಕು ದಿನ

ಬೆಳಿಗ್ಗೆ ಎಂಟೂವರೆ. ಕೊಡೆ ಹಿಡಿದು ಅಂಗಳಕ್ಕಿಳಿದ ಮನೆಯ ಯಜಮಾನರು ಹುಲ್ಲಿನ ನಡುವೆ ನಿಲ್ಲಿಸಿದ್ದ ಡಬ್ಬಿಯ ಆಲಿಕೆ ತೆಗೆದರು. ಒಳಗಿನ ನೀರನ್ನು ಗೆರೆ ಕೊರೆದ ಗಾಜಿನ ಜಾಡಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ ಚೆಲ್ಲಿದರು. ಮತ್ತೆ ಬಗ್ಗಿಸಿದರು, ಮತ್ತೆ ಚೆಲ್ಲಿದರು. ಮೂರು ಸಲ ಜಾಡಿ ತುಂಬಿತು; ನಾಲ್ಕನೆಯ ಸಲ ಅರ್ಧಕ್ಕಿಂತ ಸ್ವಲ್ಪ ಕೆಳಗೆ ನಿಂತಿತು. "ಮೂರು ಇಂಚು ನಲವತ್ತು ಸೆಂಟು" ಎಂದು ಕೂಗಿದರು. "ನಿನ್ನೆಗಿಂತ ಕಡಿಮೆಯೇ" ಎಂದು ಅಡುಗೆಮನೆಯಿಂದ ಉತ್ತರ ಬಂತು.

ಮಡಿಕೇರಿ ಪೇಟೆಯಿಂದ ಸ್ವಲ್ಪ ಹೊರಗಿನ ಕಾಫಿ ತೋಟದ ಮನೆ ಅದು. ದೇಶವೆಲ್ಲ ಮಳೆಯನ್ನು ಮಿಲಿಮೀಟರಿನಲ್ಲಿ ಅಳೆದರೂ ಕೊಡಗಿನ ಬಾಯಲ್ಲಿ ಅದು ಇನ್ನೂ ಇಂಚೇ. ಇಂಚಿನ ನೂರನೇ ಒಂದು ಪಾಲು ಸೆಂಟು. ತೋಟದವರ ಮನೆಗಳಲ್ಲಿ ಮಳೆ ಪುಸ್ತಕವೊಂದು ಇದ್ದೇ ಇರುತ್ತದೆ. ನಮ್ಮ ಯಜಮಾನರು ತಂದೆಯ ಕೈಬರಹದ ಪುಸ್ತಕವನ್ನೂ ಜೋಪಾನವಾಗಿ ಇಟ್ಟಿದ್ದರು. ಮಾರ್ಚ್–ಏಪ್ರಿಲಿನ ಹೂಮಳೆ ಎಂದು ಬಂತು, ಎಷ್ಟು ಸೆಂಟು ಬಂತು ಎಂಬುದರ ಮೇಲೆ ಆ ವರ್ಷದ ರೊಬಸ್ಟಾ ಫಸಲಿನ ಹಣೆಬರಹ ನಿಂತಿರುವಾಗ ಈ ಲೆಕ್ಕ ಬರಿಯ ಹವ್ಯಾಸವಾಗಿ ಉಳಿಯುವುದಿಲ್ಲ.

ಒಂದು ಇಂಚು ಎಂದರೆ ನನ್ನಂಥ ಬೆಂಗಳೂರಿಗನಿಗೆ ಹೆಬ್ಬೆರಳ ಗೆಣ್ಣಿನಷ್ಟು. ಕಾಗದದ ಮೇಲೆ ಗುಣಿಸಿ ನೋಡಿದೆ. ಒಂದು ಎಕರೆಯ ಮೇಲೆ ಒಂದು ಇಂಚು ಸುರಿದರೆ 1 ಲಕ್ಷ ಲೀಟರಿಗೂ ಮಿಗಿಲು. ನಮ್ಮ ಬಡಾವಣೆಗೆ ಬರುವ 10,000 ಲೀಟರಿನ ಟ್ಯಾಂಕರಿನಲ್ಲಿ ಹತ್ತು ಲೋಡು. ಹಾಗಾದರೆ ರಾತ್ರಿ ನಾನು ಕಂಬಳಿ ಹೊದ್ದು ಮಲಗಿದ್ದಾಗ ಎಕರೆಯೊಂದಕ್ಕೆ ಮೂವತ್ತನಾಲ್ಕು ಟ್ಯಾಂಕರ್ ಖಾಲಿಯಾಗಿದ್ದವು!

ಜಾಡಿ ಒಳಗಿಟ್ಟ ಮೇಲೆ ಯಜಮಾನರು ಮನೆಯ ಹಿಂದಕ್ಕೆ ಹೋದರು. ಅಲ್ಲೊಂದು ಬರೆ. ಮನೆ ಕಟ್ಟಲು, ರಸ್ತೆ ಮಾಡಲು ಗುಡ್ಡವನ್ನು ಕಡಿದಾಗ ಉಳಿಯುವ ಮಣ್ಣಿನ ಗೋಡೆಗೆ ಇಲ್ಲಿ ಬರೆ ಎನ್ನುತ್ತಾರೆ. ಮೇಲೆ ಬಿರುಕು ಬಿಟ್ಟಿದೆಯೇ, ಬುಡದಲ್ಲಿ ಜಿನುಗುವ ನೀರು ತಿಳಿಯೋ ಕೆಂಪೋ ಎಂದು ನೋಡಿ ಬಂದರು. ತಿಳಿಯಾಗಿತ್ತು. ಕಾಫಿಗೆ ಕೂತರು.

ಶುಕ್ರವಾರ ಮಡಿಕೇರಿಯ ಸಂತೆ. ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಸ್ಥಳೀಯ ದಿನಪತ್ರಿಕೆ 'ಶಕ್ತಿ' ನಾಲ್ಕು ಮೇಜು ಸುತ್ತಿ ನನ್ನ ಕೈಗೆ ಬರುವಷ್ಟರಲ್ಲಿ ಮೆತ್ತಗಾಗಿತ್ತು. ಮಳೆಗಾಲದಲ್ಲಿ ಇಲ್ಲಿನ ಸುದ್ದಿಗೆ ತನ್ನದೇ ವ್ಯಾಕರಣವಿದೆ. ಎಲ್ಲಿ ಎಷ್ಟು ಇಂಚು, ಯಾವ ರಸ್ತೆಗೆ ಬರೆ ಕುಸಿಯಿತು, ಎಲ್ಲಿ ಮರ ಬಿದ್ದು ಕರೆಂಟ್ ಹೋಯಿತು, ಕಾಡಾನೆ ಯಾರ ಗದ್ದೆಗಿಳಿಯಿತು. ಎಲ್ಲಕ್ಕಿಂತ ಕಾತರದ ಪ್ರಶ್ನೆ ಮಕ್ಕಳದು: ಶಾಲೆಗೆ ರಜೆ ಉಂಟೋ ಇಲ್ಲವೋ? ಜಿಲ್ಲಾಧಿಕಾರಿಯ ಆದೇಶಕ್ಕೆ ರಾತ್ರಿ ಮಲಗುವ ತನಕ ಕಾಯುವಷ್ಟು ಶ್ರದ್ಧೆಯಿಂದ ಇಲ್ಲಿನ ಮಕ್ಕಳು ಬೇರೆ ಯಾವ ಸರ್ಕಾರಿ ಕಾಗದವನ್ನೂ ಕಾಯಲಾರರು.

ಸಂತೆಯಲ್ಲಿ ಕೊಡೆಗೆ ಕೊಡೆ ತಾಗುತ್ತಿತ್ತು. ಹೆಚ್ಚಿದ ಕಣಿಲೆ ನೀರಿನ ಬಕೆಟುಗಳಲ್ಲಿ ತೇಲುತ್ತಿತ್ತು. ಬಿದಿರಿನ ಈ ಎಳೆ ಮೊಳಕೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕಿದರೆ ಮಾತ್ರ ಅದರ ನಂಜು ಇಳಿಯುತ್ತದೆ. ಪಕ್ಕದಲ್ಲಿ ಎಲೆಯ ಮೇಲೆ ಗುಡ್ಡೆ ಹಾಕಿದ ಅಣಬೆ, ಅದರಾಚೆ ದಾರದಲ್ಲಿ ಕಟ್ಟಿದ ಕಡುಹಸಿರು ಸೊಪ್ಪಿನ ಕಂತೆಗಳು. "ಮದ್ದು ಸೊಪ್ಪಾ?" ಎಂದೆ. "ಹೌದು, ಆದರೆ ಇವತ್ತು ತಗೊಂಡು ಏನು ಮಾಡ್ತೀರಿ? ಹದಿನೆಂಟಕ್ಕೆ ಇನ್ನೂ ಎರಡು ದಿನ ಉಂಟಲ್ಲ" ಎಂದಳು ಮಾರುವಾಕೆ. ವ್ಯಾಪಾರಕ್ಕೆ ಕೂತವಳು ಗಿರಾಕಿಯನ್ನು ವಾಪಸು ಕಳಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ತಿಂಗಳು ಕೊಡವರಿಗೆ ಕಕ್ಕಡ, ಅರೆಭಾಷೆ ಗೌಡರಿಗೆ ಆಟಿ. ಮದುವೆ ಮುಂಜಿ ಇಲ್ಲ. ನಾಟಿ ಕೆಲಸ, ಮಳೆ, ಚಳಿ ಅಷ್ಟೆ. ಈ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಈ ಗಿಡದಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬ ನಂಬಿಕೆ. ಅದಕ್ಕೆ ಮುಂಚೆ ಕಿತ್ತರೆ ಅದು ಬರಿ ಸೊಪ್ಪು.

ಶನಿವಾರ ಭಾಗಮಂಡಲದ ಬಸ್ ಹತ್ತಿದೆ. ಸುಮಾರು 40 ಕಿಲೋಮೀಟರ್ ದಾರಿ. ಬೆಟ್ಟಗೇರಿ, ಚೇರಂಬಾಣೆ ಎನ್ನುತ್ತ ಕಂಡಕ್ಟರ್ ಕೂಗುತ್ತಿದ್ದರೆ ಕಿಟಕಿಯಾಚೆ ಊರೇ ಕಾಣದು, ಬರಿ ಮಂಜು. ಅಲ್ಲಲ್ಲಿ ಬರೆಗೆ ಹೊದೆಸಿದ ನೀಲಿ ಟಾರ್ಪಾಲು, ಮರಳುಮೂಟೆಯ ಸಾಲು. 2018ರ ಆಗಸ್ಟಿನ ನಂತರ ಕೊಡಗಿನವರು ಗುಡ್ಡವನ್ನು ನೋಡುವ ದೃಷ್ಟಿಯೇ ಬದಲಾಗಿದೆ. ಆ ವರ್ಷ ಜೋಡುಪಾಲ, ಮಕ್ಕಂದೂರು, ಮದೆನಾಡು, ಹಟ್ಟಿಹೊಳೆಯ ಕಡೆ ಗುಡ್ಡಗಳು ತೋಟ ಮನೆ ಸಮೇತ ಜಾರಿದವು. ಮಡಿಕೇರಿ–ಮಂಗಳೂರು ಹೆದ್ದಾರಿ ವಾರಗಟ್ಟಲೆ ಮುಚ್ಚಿತು. ಮರುವರ್ಷ ವಿರಾಜಪೇಟೆ ಕಡೆಯ ತೋರ, 2020ರಲ್ಲಿ ತಲಕಾವೇರಿಯ ಗಜಗಿರಿ. ಮಣ್ಣು ನೀರು ಕುಡಿದು ಕುಡಿದು ಇನ್ನು ಹಿಡಿಯಲಾರೆ ಎನ್ನುವ ಹೊತ್ತಿಗೆ ನೆಟ್ಟಗೆ ಕಡಿದ ಇಳಿಜಾರಿಗೆ ಆಸರೆ ಇರುವುದಿಲ್ಲ. ಪಕ್ಕದ ಸೀಟಿನ ಹಿರಿಯರು ಇದನ್ನೇ ಎರಡು ಮಾತಿನಲ್ಲಿ ಹೇಳಿದರು: "ಮಳೆ ಮೊದಲೂ ಇತ್ತು. ಜೆಸಿಬಿ ಇರಲಿಲ್ಲ."

ಭಾಗಮಂಡಲದಲ್ಲಿ ಇಳಿದಾಗ ತ್ರಿವೇಣಿ ಸಂಗಮ ಎಲ್ಲಿ ಎಂದು ಕೇಳುವ ಅಗತ್ಯ ಬೀಳಲಿಲ್ಲ. ಬೇಸಿಗೆಯಲ್ಲಿ ಮೊಣಕಾಲು ಮುಳುಗದ ಕಾವೇರಿ ಮತ್ತು ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿಯನ್ನೂ ಸೇರಿಸಿಕೊಂಡು, ಸ್ನಾನಘಟ್ಟದ ಮೆಟ್ಟಿಲು ನುಂಗಿ ರಸ್ತೆಗೆ ಬಂದಿದ್ದವು. ಚಹಾದ ಬಣ್ಣದ ನೀರು. ಅದರ ಮೇಲೆ ಒಂದು ಬಾಳೆಗಿಡ ಬೇರು ಸಮೇತ, ಅವಸರವಿಲ್ಲದೆ ತೇಲಿಹೋಯಿತು. ಹಿಂದೆಲ್ಲ ಇಷ್ಟು ನೀರು ಬಂದರೆ ದಾರಿ ಕಡಿದು ದೋಣಿ ಇಳಿಸಬೇಕಿತ್ತು. ಈಗ ಮೇಲ್ಸೇತುವೆ ಬಂದಿದೆ. ಅದರ ಮೇಲೆ ಪ್ರವಾಸಿಗರು ಸಾಲಾಗಿ ನಿಂತು ಫೋಟೊ ತೆಗೆಯುತ್ತಿದ್ದರು. ಕೆಳಗೆ ಅಂಗಡಿಯವನೊಬ್ಬ ಅಕ್ಕಿಮೂಟೆಗಳನ್ನು ಒಂದು ಹಲಗೆ ಮೇಲಕ್ಕೆ ಏರಿಸುತ್ತಿದ್ದ. ಭಗಂಡೇಶ್ವರ ದೇವಸ್ಥಾನದ ಮಾಡಿನಿಂದ ನೀರು ಹಗ್ಗದಂತೆ ಇಳಿಯುತ್ತಿತ್ತು. ಒಳಾಂಗಣದಲ್ಲಿ ನಾವು ಆರು ಮಂದಿ.

ಅಲ್ಲಿಂದ 8 ಕಿಲೋಮೀಟರ್ ಮೇಲೆ ತಲಕಾವೇರಿ. ಗಾಳಿ ಕೊಡೆಯನ್ನು ತಿರುವಿ ಹಾಕಿದ ಮೇಲೆ ನೆನೆಯುವುದೇ ಸುಲಭವೆನಿಸಿತು. ಅಕ್ಟೋಬರ್ 17ರ ಆಸುಪಾಸಿನ ತುಲಾ ಸಂಕ್ರಮಣಕ್ಕೆ ಇದೇ ಅಂಗಳದಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಮೊದಲೇ ಸಾರಿದ ಮುಹೂರ್ತಕ್ಕೆ, ಅದು ನಡುರಾತ್ರಿಯೇ ಆಗಲಿ, ಪುಟ್ಟ ಬ್ರಹ್ಮಕುಂಡಿಕೆಯಲ್ಲಿ ತೀರ್ಥ ಉಕ್ಕುವುದನ್ನು ಕಾಣಲು ಸಾವಿರಾರು ಜನ ಕಾಯುತ್ತಾರೆ. ಇವತ್ತು ಉಕ್ಕಲು ಯಾವ ಮುಹೂರ್ತವೂ ಬೇಕಿರಲಿಲ್ಲ. ಕುಂಡಿಕೆ, ಕೊಳ, ಮೆಟ್ಟಿಲು, ಬೆಟ್ಟ, ಎಲ್ಲವೂ ಉಕ್ಕುತ್ತಿದ್ದವು. ನದಿ ಎಲ್ಲಿ ಹುಟ್ಟಿತು ಎಂದು ಬೆರಳಿಟ್ಟು ತೋರಿಸುವುದು ಕಕ್ಕಡದಲ್ಲಿ ಕಷ್ಟ.

ಭಾನುವಾರ ಮೂರ್ನಾಡು ಕಡೆಯ ಹಳ್ಳಿಯೊಂದರಲ್ಲಿ ಕೆಸರುಗದ್ದೆ ಕ್ರೀಡಾಕೂಟ. ಮೈಕಿನಲ್ಲಿ ವೀಕ್ಷಕ ವಿವರಣೆ, ಬದುವಿನ ಮೇಲೆ ಕೊಡೆಗಳ ಗ್ಯಾಲರಿ. ಹಗ್ಗಜಗ್ಗಾಟದಲ್ಲಿ ಗೆದ್ದವರೂ ಸೋತವರೂ ಒಂದೇ ಬಣ್ಣ. ಹೆಂಗಸರ ಓಟದಲ್ಲಿ ಮುಂದಿದ್ದಾಕೆ ಗುರಿಗೆ ಎರಡು ಮಾರು ಇರುವಾಗ ಮಂಡಿ ತನಕ ಹೂತು ನಿಂತಳು; ಹಿಂದಿದ್ದವಳು ಅವಳ ಕೈ ಹಿಡಿದು ಎಳೆದಳು; ಇಬ್ಬರೂ ಬಿದ್ದರು; ಮೂರನೆಯವಳು ಗೆದ್ದಳು. ಬದುವೇ ಕುಸಿಯುವಷ್ಟು ನಗು.

ಕೆಸರಿನ ಓಟ ಇಲ್ಲಿಗೆ ಹೊಸತೇನಲ್ಲ. ನಾಟಿ ಮುಗಿಯುವ ದಿನ ಮನೆಯ ದೊಡ್ಡ ಗದ್ದೆಯ ಉದ್ದಕ್ಕೂ ಒಂದು ಪಟ್ಟಿ ನೆಡದೆ ಬಿಟ್ಟು, ಅದರಲ್ಲಿ ನಾಟಿ ಓಟ ಓಡುತ್ತಿದ್ದರು. ಗೆದ್ದವನಿಗೆ ಬಾಳೆಗೊನೆ, ತೆಂಗಿನಕಾಯಿ. ಬೆನ್ನು ಬಗ್ಗಿಸಿ ನೆಟ್ಟವರೇ ಕೊನೆಗೊಮ್ಮೆ ಬೆನ್ನು ನೆಟ್ಟಗೆ ಮಾಡಿ ಓಡುವ ಆಟ ಅದು. "ಈ ಗದ್ದೆಗೆ ನಾಟಿ ಯಾವಾಗ?" ಎಂದು ಪಕ್ಕದಲ್ಲಿದ್ದವರನ್ನು ಕೇಳಿದೆ. "ನಾಟಿ ಬಿಟ್ಟು ಏಳು ವರ್ಷ ಆಯ್ತು. ಆಳು ಸಿಕ್ಕಿದರೆ ಆನೆ ಬಿಡುವುದಿಲ್ಲ, ಆನೆ ಬಿಟ್ಟರೆ ರೇಟು ಸಿಕ್ಕುವುದಿಲ್ಲ. ಆಟಕ್ಕೆ ಅಂತ ಮೊನ್ನೆ ಟ್ರ್ಯಾಕ್ಟರ್ ಬಿಟ್ಟು ಉತ್ತೆವು." ಮೈಕಿನವನು ಮುಂದಿನ ಸ್ಪರ್ಧೆಯ ಹೆಸರು ಕೂಗಿದ. ಅವರು ಪಂಚೆ ಎತ್ತಿ ಕಟ್ಟಿ ಗದ್ದೆಗಿಳಿದರು.

ಅವತ್ತೇ ಹದಿನೆಂಟು. ಸಂಜೆ ಮನೆಗೆ ಮರಳಿದಾಗ ಅಡುಗೆಮನೆಯೆಲ್ಲ ಕಾಡಿನ ವಾಸನೆ. ಸೊಪ್ಪು ಬೇಯಿಸಿ ಬಸಿದ ನೀರು ಕಡುನೇರಳೆ, ಶಾಯಿಯ ಹಾಗೆ. ಅದಕ್ಕೆ ಅಕ್ಕಿ, ಬೆಲ್ಲ, ಕಾಯಿಹಾಲು ಸೇರಿಸಿದ ಪಾಯಸವನ್ನು ಬಟ್ಟಲಿಗೆ ಬಡಿಸುತ್ತ ಮನೆಯೊಡತಿ, "ಬೆಳಿಗ್ಗೆ ಕೆಂಪಗೆ ಹೋದರೆ ಗಾಬರಿಯಾಗಿ ಡಾಕ್ಟರ ಹತ್ತಿರ ಓಡಬೇಡಿ" ಎಂದು ಎಚ್ಚರಿಸಿದರು. ಹಾಗೆಯೇ ಆಯಿತು.

ಈ ಕಾಲದಲ್ಲಿ ಬರುವವರಿಗೆ ಕೆಲವು ಮಾತು. ಕೊಡಗಿಗೆ ರೈಲಿಲ್ಲ, ಮೈಸೂರಿನಲ್ಲಿಳಿದು ಸುಮಾರು 120 ಕಿಲೋಮೀಟರ್ ಬಸ್ಸಿನಲ್ಲಿ ಬರಬೇಕು. 1,748 ಮೀಟರ್ ಎತ್ತರದ ತಡಿಯಂಡಮೋಳ್ ಏರುವ ಆಸೆಯಿದ್ದರೆ ಮಳೆ ಕಳೆದ ಮೇಲೆ ಬನ್ನಿ; ಜೋರು ಮಳೆಯಲ್ಲಿ ಚಾರಣದ ಹಾದಿಗಳನ್ನು ಮುಚ್ಚುತ್ತಾರೆ. ಹೊಳೆ ತುಂಬಿದರೆ ದುಬಾರೆಯ ದೋಣಿಯೂ ನಿಲ್ಲುತ್ತದೆ. ದಕ್ಷಿಣ ಕೊಡಗಿನ ಬರಪೊಳೆಯ ರಾಫ್ಟಿಂಗ್ ಮಾತ್ರ ಮಳೆಗಾಲದ್ದೇ ಆಟ. ಅದಕ್ಕೂ ಆ ದಿನದ ನೀರು ನೋಡಿ ಹೂಂ ಎನ್ನಬೇಕಾದವರು ಅಲ್ಲಿಯವರು, ನಮ್ಮ ಬುಕಿಂಗ್ ಅಲ್ಲ. ಜಿಗಣೆಗೆ ಉಪ್ಪು, ಕರೆಂಟಿಲ್ಲದ ರಾತ್ರಿಗೆ ಟಾರ್ಚು, ಮುಚ್ಚಿದ ರಸ್ತೆಗೆ ಒಂದು ದಿನದ ಹೆಚ್ಚುವರಿ ರಜೆ ಜೊತೆಗಿರಲಿ.

ಸೋಮವಾರ ಹೊರಡುವ ಮುಂಚೆ ಯಜಮಾನರು ಜಾಡಿಯನ್ನು ನನ್ನ ಕೈಗೆ ಕೊಟ್ಟರು. ನಾಲ್ಕು ಸಲ ತುಂಬಿತು, ಐದನೆಯ ಸಲ ತಳದಲ್ಲಿ ಒಂದಿಷ್ಟು. ನಾಲ್ಕು ಇಂಚು ಹತ್ತು ಸೆಂಟು. ಆ ಹೊತ್ತಿಗೇ ಮಂಡ್ಯದ ಸೋದರಮಾವನ ಫೋನು. ಕೈ ಒದ್ದೆಯಾಗಿದ್ದರಿಂದ ಸ್ಪೀಕರಿಗೆ ಹಾಕಿದೆ.

"ಎಂಗದ್ಲಾ ಮಳೆ?"

"ನಾಲ್ಕು ಹತ್ತು."

"ಅಡಿಯಾ?"

ಮಾವನ ಪಾಲಿಗೆ ಮಳೆಗಾಲವೆಂದರೆ ಕನ್ನಂಬಾಡಿ ಕಟ್ಟೆಯ 124.80 ಅಡಿಗೆ ಇನ್ನೆಷ್ಟು ಬಾಕಿ ಎಂಬುದೊಂದೇ.

"ಇಂಚು, ಮಾವ. ನಾಳೆ ನಾಡಿದ್ದು ನಿಮ್ಮ ಕಡೆ ಬರೋವಾಗ ಅಡಿಯಾಗಿರುತ್ತೆ."

"ಅಂಗಾದ್ರೆ ಇನ್ನೊಂದ್ ನಾಕ್ ದಿನ ಇಂಗೇ ಉಯ್ಲಿ ಬುಡು!"

ಯಜಮಾನರು ನಕ್ಕರು. ಪುಸ್ತಕದಲ್ಲಿ ತಾರೀಖು ಬರೆದು, ಮುಂದೆ 4.10 ಎಂದು ಗುರುತು ಹಾಕಿ, ಡಬ್ಬಿಗೆ ಆಲಿಕೆ ಕೂರಿಸಿದರು. ಆಮೇಲೆ ಕೊಡೆ ತೆಗೆದುಕೊಂಡು ಮನೆಯ ಹಿಂದಿನ ಬರೆ ನೋಡಲು ಹೋದರು.