ಪ್ರಾಕ್ಟೀಸಲ್ಲಿ ಹುಲಿ, ಮ್ಯಾಚಲ್ಲಿ ಇಲಿ! ಟೆನಿಸ್ ಶಾಟ್ ಕೈಕೊಡೋದು ಯಾಕೆ?

ಸಂಜೆ ಕೋರ್ಟಿನಲ್ಲಿ ಹತ್ತಕ್ಕೆ ಎಂಟು ಸರ್ವ್ ಬಾಕ್ಸ್ ಒಳಗೇ ಬೀಳ್ತವೆ. ಫೋರ್‌ಹ್ಯಾಂಡ್ ಅಂತೂ ಗೆರೆ ಎಳೆದ ಹಾಗೆ ಹೋಗುತ್ತೆ. ಭಾನುವಾರ ಟೂರ್ನಮೆಂಟ್. ಅದೇ ಕೈ, ಅದೇ ರಾಕೆಟ್. ಆದ್ರೆ ಮೊದಲ ಗೇಮ್‌ನಲ್ಲೇ ಎರಡು ಡಬಲ್ ಫಾಲ್ಟ್, ಫೋರ್‌ಹ್ಯಾಂಡ್ ಸೀದಾ ನೆಟ್‌ಗೆ. ಹೊರಗೆ ಕೂತ ಪೋಷಕರ ಮಾತು ಒಂದೇ: 'ಹುಡುಗನಿಗೆ ಧೈರ್ಯ ಸಾಲದು.'

ಟೆನಿಸ್ ಆಡೋರಿಗೆಲ್ಲ ಇದು ಗೊತ್ತಿರೋ ಕಥೆ. ಅಂಗಡಿ ಬಾಗಿಲು ಹಾಕಿ ರಾತ್ರಿ ಲೈಟ್ ಕೆಳಗೆ ಶಟಲ್ ಆಡೋರಿಗೂ ಹೊಸದೇನಲ್ಲ. ಆದರೆ ಎಲ್ಲವನ್ನೂ ಧೈರ್ಯದ ತಲೆಗೆ ಕಟ್ಟೋದು ಸರಿಯಲ್ಲ. ಎಷ್ಟೋ ಸಲ ಕಾರಣ ನಾವು ಪ್ರಾಕ್ಟೀಸ್ ಮಾಡುವ ರೀತಿಯಲ್ಲೇ ಇರುತ್ತೆ.

ವಿಂಬಲ್ಡನ್ ಫೈನಲ್‌ನಲ್ಲೂ ಆಗಿತ್ತು

1993ರ ವಿಂಬಲ್ಡನ್ ಮಹಿಳಾ ಫೈನಲ್. ಜೆಕ್ ಆಟಗಾರ್ತಿ ಯಾನಾ ನೊವೊಟ್ನಾ ಅವರು ಸ್ಟೆಫಿ ಗ್ರಾಫ್ ವಿರುದ್ಧ ಕೊನೆಯ ಸೆಟ್‌ನಲ್ಲಿ 4-1 ಮುಂದಿದ್ದರು. ಇನ್ನೊಂದು ಪಾಯಿಂಟ್ ಸಿಕ್ಕಿದ್ರೆ 5-1. ಅಲ್ಲೇ ಡಬಲ್ ಫಾಲ್ಟ್ ಆಯ್ತು. ಆಮೇಲೆ ಒಂದು ಗೇಮ್ ಕೂಡ ದಕ್ಕಲಿಲ್ಲ. ಗ್ರಾಫ್ 7-6, 1-6, 6-4ರಲ್ಲಿ ಗೆದ್ದರು. ಬಹುಮಾನ ಕೊಡಲು ಬಂದ ಕೆಂಟ್ ಡಚೆಸ್ ಹೆಗಲ ಮೇಲೆ ತಲೆಯಿಟ್ಟು ನೊವೊಟ್ನಾ ಅತ್ತಿದ್ದನ್ನು ಜಗತ್ತೇ ನೋಡಿತು. ಐದು ವರ್ಷದ ನಂತರ, 1998ರಲ್ಲಿ, ಅದೇ ವಿಂಬಲ್ಡನ್ ಕಪ್ ಅವರ ಕೈಗೆ ಬಂತು. ಧೈರ್ಯ ಇಲ್ಲದವರು ಹಾಗೆ ತಿರುಗಿ ಬರೋಕೆ ಆಗುತ್ತಾ?

ಪ್ರಾಕ್ಟೀಸ್ ಚೆಂಡೇ ಬೇರೆ

ಕೋಚ್ ಬುಟ್ಟಿಯಿಂದ ಚೆಂಡು ಹಾಕುವಾಗ ಅದು ಪ್ರತಿಸಲ ಒಂದೇ ಜಾಗಕ್ಕೆ, ಒಂದೇ ಎತ್ತರಕ್ಕೆ, ಒಂದೇ ವೇಗದಲ್ಲಿ ಬರುತ್ತೆ. ಜೊತೆಗಾರ ರ್‍ಯಾಲಿ ಆಡುವಾಗಲೂ ಚೆಂಡು ನಮ್ಮ ಕೈಗೇ ಸಿಗೋ ಹಾಗೆ ಹೊಡೀತಾನೆ. ಮ್ಯಾಚ್‌ನಲ್ಲಿ ಎದುರಾಳಿಯ ಕೆಲಸವೇ ನಮಗೆ ಸಿಗದ ಹಾಗೆ ಹೊಡೆಯೋದು. ಓಡಬೇಕು, ನಿಲ್ಲಬೇಕು, ಎಲ್ಲಿಗೆ ಹೊಡೆಯಬೇಕು ಅಂತ ತೀರ್ಮಾನ ಮಾಡಬೇಕು. ಆಮೇಲೆ ಶಾಟ್. ಅಂದ್ರೆ ನಾವು ಕಲಿತಿರೋದು ಶಾಟ್‌ನ ಕೊನೆಯ ಭಾಗ ಮಾತ್ರ.

1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು ಒಂದು ಪ್ರಯೋಗ ಮಾಡಿದ್ದರು. ಕೈಯಿಂದ ಬೇಗ ಬೇಗ ಮಾಡಬೇಕಾದ ಮೂರು ಚಲನೆಗಳನ್ನು ಎರಡು ಗುಂಪಿಗೆ ಕಲಿಸಿದರು. ಒಂದು ಗುಂಪು ಒಂದು ಮುಗಿಸಿ ಇನ್ನೊಂದು ಕಲಿಯಿತು. ಇನ್ನೊಂದು ಗುಂಪು ಮೂರನ್ನೂ ಕಲಸಿ ಮಾಡಿತು. ಪ್ರಾಕ್ಟೀಸ್ ಸಮಯದಲ್ಲಿ ಮೊದಲ ಗುಂಪೇ ಚುರುಕು. ಆದರೆ ಹತ್ತು ದಿನ ಬಿಟ್ಟು ಪರೀಕ್ಷೆ ಮಾಡಿದಾಗ ಕಲಸಿ ಕಲಿತವರೇ ಮುಂದೆ. ಪ್ರಾಕ್ಟೀಸಲ್ಲಿ ಚೆನ್ನಾಗಿ ಕಂಡದ್ದೆಲ್ಲ ಕಲಿತದ್ದಲ್ಲ ಅನ್ನೋದಕ್ಕೆ ಇದೇ ಉದಾಹರಣೆ.

ಕೈ ಬಿಗಿಯಾದ್ರೆ ಏನಾಗುತ್ತೆ?

ಹೆದರಿಕೆ ಇರಲ್ಲ ಅಂತ ಯಾರೂ ಹೇಳಲ್ಲ. ಮ್ಯಾಚ್‌ನಲ್ಲಿ ಹಿಡಿ ಬಿಗಿಯಾಗುತ್ತೆ, ಮಣಿಕಟ್ಟು ಗಟ್ಟಿಯಾಗುತ್ತೆ, ಕಾಲು ನಿಂತುಬಿಡುತ್ತೆ. ಇದರ ಮೊದಲ ಬಲಿ ಎರಡನೇ ಸರ್ವ್. 'ಹೇಗಾದ್ರೂ ಒಳಗೆ ಬೀಳಲಿ' ಅಂತ ನಾವು ಮೆಲ್ಲಗೆ ಹೊಡೀತೀವಿ. ಆದರೆ ಎತ್ತರದಲ್ಲಿ ನೆಟ್ ದಾಟಿದ ಚೆಂಡನ್ನು ಕೆಳಗೆ ಎಳೆದು ಬಾಕ್ಸ್‌ಗೆ ಬೀಳಿಸೋದು ಅದರ ಸ್ಪಿನ್. ಸ್ಪಿನ್ ಬರೋದು ರಾಕೆಟ್ ಬೀಸಿನ ವೇಗದಿಂದ. ಬೀಸು ನಿಧಾನ ಆದ್ರೆ ಸ್ಪಿನ್ ಹೋಯ್ತು. ಚೆಂಡು ನೆಟ್‌ಗೆ, ಇಲ್ಲಾಂದ್ರೆ ಗೆರೆ ಆಚೆ. ಜೋಪಾನ ಮಾಡೋಕೆ ಹೋಗಿಯೇ ತಪ್ಪಾಗೋದು ಇಲ್ಲಿ.

ಸಬಲೆಂಕಾ ಕಲಿಸಿದ ಪಾಠ

ಬೆಲಾರಸ್‌ನ ಅರಿನಾ ಸಬಲೆಂಕಾ 2022ರ ಜನವರಿಯಲ್ಲಿ ಅಡಿಲೇಡ್‌ನಲ್ಲಿ ಒಂದು ಮ್ಯಾಚ್‌ಗೆ 18, ಇನ್ನೊಂದಕ್ಕೆ 21 ಡಬಲ್ ಫಾಲ್ಟ್ ಮಾಡಿದ್ದರು. ಒಂದು ಹಂತದಲ್ಲಿ ಕೈ ಕೆಳಗಿನಿಂದ ಸರ್ವ್ ಮಾಡುವ ಸ್ಥಿತಿ ಬಂತು. ಆ ವರ್ಷವೇ ಅವರು ದೇಹದ ಚಲನೆ ಅರಿತ ಪರಿಣತರ ಜೊತೆ ಕೂತು ಸರ್ವ್ ಮಾಡುವ ವಿಧಾನವನ್ನೇ ತಿದ್ದಿಕೊಂಡರು. 2023ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ಆ ಫೈನಲ್‌ನ ಮೊದಲ ಮ್ಯಾಚ್ ಪಾಯಿಂಟ್‌ನಲ್ಲೂ ಡಬಲ್ ಫಾಲ್ಟ್ ಆಗಿತ್ತು! ಆದ್ರೆ ಈ ಸಲ ಅದರಿಂದ ಮ್ಯಾಚ್ ಕೈಬಿಟ್ಟು ಹೋಗಲಿಲ್ಲ. ಒತ್ತಡದಲ್ಲಿ ಮುರಿಯೋದು ಮನಸ್ಸು ಮಾತ್ರ ಅಲ್ಲ, ಹೊಡೆತದಲ್ಲಿ ಮೊದಲೇ ಇದ್ದ ಬಿರುಕು ಕೂಡ.

ಹಾಗಾದ್ರೆ ಏನು ಮಾಡಬೇಕು?

* ಬುಟ್ಟಿ ತುಂಬ ಸರ್ವ್ ಒಂದರ ಹಿಂದೊಂದು ಹೊಡೀಬೇಡಿ. ಒಂದು ಸರ್ವ್ ಮಾಡಿ, ನಡೆದಾಡಿ, ಉಸಿರು ಬಿಟ್ಟು, ಮತ್ತೊಂದು ಮಾಡಿ. ದೊಡ್ಡ ಟೂರ್ನಿಗಳಲ್ಲಿ ಪಾಯಿಂಟ್ ನಡುವೆ ಸಿಗೋದು 25 ಸೆಕೆಂಡ್. ಆ ಬಿಡುವಿಗೂ ಅಭ್ಯಾಸ ಬೇಕು.
* ಮೊದಲ ಸರ್ವ್ ಇಲ್ಲ ಅಂದ್ಕೊಂಡು ಎರಡನೇ ಸರ್ವ್‌ನಲ್ಲೇ ಇಡೀ ಸೆಟ್ ಆಡಿ.
* ಫೋರ್‌ಹ್ಯಾಂಡ್, ಬ್ಯಾಕ್‌ಹ್ಯಾಂಡ್, ವಾಲಿ ಕಲಸಿ ಹೊಡೀರಿ. ಪ್ರಾಕ್ಟೀಸ್ ಅಂದಗೆಡುತ್ತೆ, ಗಾಬರಿ ಬೇಡ.
* ಪ್ರತಿ ಗೇಮ್ 30-40ರಿಂದ ಶುರು ಮಾಡಿ. ಸೋತವರು ಚಹಾ ಕೊಡಿಸಬೇಕು. ಹತ್ತು ರೂಪಾಯಿ ಹೋಗುತ್ತೆ ಅಂದ್ರೂ ಕೈ ಸ್ವಲ್ಪ ಬಿಗಿಯಾಗುತ್ತೆ, ನೋಡಿ!
* ಮ್ಯಾಚ್‌ನಲ್ಲಿ ಕಷ್ಟ ಬಂದಾಗ ಕ್ರಾಸ್‌ಕೋರ್ಟ್ ಹೊಡೀರಿ. ನೆಟ್ ನಡುವೆ 3 ಅಡಿ, ಬದಿಯ ಕಂಬದ ಹತ್ತಿರ ಮೂರೂವರೆ ಅಡಿ. ಸಿಂಗಲ್ಸ್ ಕೋರ್ಟ್ ನೇರಕ್ಕೆ 78 ಅಡಿ, ಮೂಲೆಯಿಂದ ಮೂಲೆಗೆ ಸುಮಾರು ನಾಲ್ಕೂವರೆ ಅಡಿ ಜಾಸ್ತಿ. ಅಷ್ಟು ತಪ್ಪಿಗೆ ಅಲ್ಲಿ ಜಾಗ ಇದೆ.
* ಭಯ ಆದ್ರೆ ಗುರಿಯನ್ನು ಗೆರೆಯಿಂದ ಒಳಗೆ ತನ್ನಿ. ಬೀಸನ್ನು ಮಾತ್ರ ಕಡಿಮೆ ಮಾಡಬೇಡಿ.

ಪೋಷಕರಿಗೊಂದು ಮಾತು

ತಿಂಗಳ ಫೀಸು, ರಾಕೆಟ್, ಶೂ, ಬೇರೆ ಊರಿನ ಟೂರ್ನಿಗೆ ಬಸ್ ಚಾರ್ಜು ಎಲ್ಲ ಕೊಟ್ಟು ಮಗು ಸೋತಾಗ ಬೇಜಾರಾಗೋದು ಸಹಜ. ಆದರೆ ವಾಪಸ್ ಬರುವ ದಾರಿಯುದ್ದಕ್ಕೂ 'ನೀನು ಪುಕ್ಕಲು' ಅಂದ್ರೆ ನಾಲ್ಕನೇ ಸೋಲಿಗೆ ರಾಕೆಟ್ ಅಟ್ಟ ಸೇರುತ್ತೆ. 'ಯಾಕೆ ಹೆದರಿದೆ?' ಅನ್ನೋ ಬದಲು 'ಈ ವಾರ ಪಾಯಿಂಟ್ ಲೆಕ್ಕ ಇಟ್ಟು ಎಷ್ಟು ಗೇಮ್ ಆಡಿದೆ?' ಅಂತ ಕೇಳಿ. ಮಗುವಿನ ಉತ್ತರ 'ಒಂದೂ ಇಲ್ಲ' ಅಂತಿದ್ರೆ, ಮಾತಾಡಬೇಕಾದ್ದು ಕೋಚ್ ಹತ್ತಿರ.