ಹಿಂದಿನ ಸ್ಥಿತಿಗೆ ಮರಳದ ಕಂಪ್ಯೂಟರ್, ಮಲೆನಾಡಿನ ರಿಪೇರಿ ಕಸುಬು

ಲಿಂಗನಮಕ್ಕಿ ಅಣೆಕಟ್ಟು ಇರುವುದು ಸಾಗರ ತಾಲ್ಲೂಕಿನಲ್ಲಿ. 1964ರಿಂದ ಅಲ್ಲಿ ನಿಂತ ಶರಾವತಿ ನೀರು ನಾಡಿಗೆಲ್ಲ ಬೆಳಕು ಕೊಡುತ್ತಿದೆ. ಆದರೂ ಕಾಡಿನ ನಡುವೆ ಹಾದುಬರುವ ತಂತಿಯ ಮೇಲೆ ಒಂದು ಮರ ಬಿದ್ದರೆ ಸಾಕು, ಆಚೆಗಿನ ಊರುಗಳಲ್ಲಿ ಕರೆಂಟ್ ಇಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಪೇಟೆಗಳ ಕಂಪ್ಯೂಟರ್ ರಿಪೇರಿಯವರ ಕಸುಬು ತಿಳಿಯಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು. ಅಪ್‌ಡೇಟ್ ನಡೆಯುವಾಗಲೇ ಹೋದ ಕರೆಂಟು, ಮುಂಗಾರಿಗೆ ಮೊದಲಿನ ಸಿಡಿಲು, ಆಗುಂಬೆ ಸೀಮೆಯ ತಿಂಗಳುಗಟ್ಟಲೆ ತೇವ ಇವೆಲ್ಲ ವೈರಸ್ಸಿನಷ್ಟೇ ಹಾನಿ ಮಾಡಬಲ್ಲವು.

'ಮೊನ್ನೆವರೆಗೂ ಚೆನ್ನಾಗಿತ್ತು, ಹಿಂದಿನ ಸ್ಥಿತಿಗೆ ತರೋಣ ಅಂದ್ರೆ ಆಗ್ತಾ ಇಲ್ಲ' ಎನ್ನುವುದು ಅವರು ಕೇಳುವ ದೂರುಗಳಲ್ಲೊಂದು. 2000ದಲ್ಲಿ ವಿಂಡೋಸ್ ಎಂಇ ಜೊತೆ ಬಂದ ಸಿಸ್ಟಮ್ ರಿಸ್ಟೋರ್ ಇಂಥ ಹೊತ್ತಿಗೆಂದೇ ಇರುವ ಸೌಲಭ್ಯ. ಹೊಸ ಡ್ರೈವರ್ ಅಥವಾ ಅಪ್‌ಡೇಟ್ ಕೂರುವ ಮೊದಲು ಅದು ರಿಜಿಸ್ಟ್ರಿ ಮತ್ತು ಸಿಸ್ಟಮ್ ಫೈಲುಗಳ ಅಂದಿನ ಸ್ಥಿತಿಯನ್ನು ಗುರುತು ಹಾಕಿಡುತ್ತದೆ. ಮನೆಯವರ ಫೋಟೊ, ಅಡಿಕೆ ಲೆಕ್ಕದ ಕಡತಗಳನ್ನು ಅದು ಮುಟ್ಟುವುದಿಲ್ಲ; ಅಳಿಸಿಹೋದ ಫೋಟೊವನ್ನು ಮರಳಿ ತರುವುದೂ ಇಲ್ಲ. ಅನೇಕರು ಮೋಸ ಹೋಗುವುದು ಈ ಎರಡನೆಯ ಮಾತಿನಲ್ಲಿ.

ಮರಳದಿರುವುದಕ್ಕೆ ಕಾರಣ ಹಲವು. ವಿಂಡೋಸ್ 10 ಬಂದ ಮೇಲೆ ಅನೇಕ ಕಂಪ್ಯೂಟರ್‌ಗಳಲ್ಲಿ ಈ ರಕ್ಷಣೆ ಆರಂಭದಿಂದಲೇ ಆಫ್ ಆಗಿರುತ್ತದೆ. ಗುರುತೇ ಇಲ್ಲದ ಮೇಲೆ ಮರಳುವುದೆಲ್ಲಿಗೆ? ಮೀಸಲಿಟ್ಟ ಜಾಗ ತುಂಬಿದರೆ ಹಳೆಯ ಗುರುತುಗಳು ತಾವಾಗಿ ಅಳಿಯುತ್ತವೆ. ಕೆಲವೊಮ್ಮೆ ಆಂಟಿವೈರಸ್ ತನ್ನ ಫೈಲುಗಳನ್ನು ಬಿಟ್ಟುಕೊಡದೆ ಕೆಲಸ ನಡುವೆ ನಿಲ್ಲುತ್ತದೆ. ಆಗ ಶಿಫ್ಟ್ ಕೀ ಒತ್ತಿಕೊಂಡೇ ರೀಸ್ಟಾರ್ಟ್ ಕೊಟ್ಟು, ವಿಂಡೋಸ್ ಪೂರ್ತಿ ಏಳುವ ಮೊದಲೇ ಸಿಗುವ ರಿಪೇರಿ ಪರದೆಯಿಂದ ಅದೇ ಕೆಲಸ ಮಾಡಿಸಿದರೆ ಎಷ್ಟೋ ಸಲ ಸಲೀಸಾಗಿ ಮುಗಿಯುತ್ತದೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಅಲ್ಲಿ 48 ಅಂಕಿಗಳ ಕೀ ಕೇಳಬಹುದು. ಅದನ್ನು ಮೊದಲೇ ಬರೆದಿಟ್ಟುಕೊಂಡವರು ಬದುಕಿದರು.

ನಿಜವಾದ ಕೈಚಳಕ ಕಾಣುವುದು ಇದೂ ಫಲಿಸದಾಗ. ಒಳ್ಳೆಯ ರಿಪೇರಿಯವರು ತಕ್ಷಣ ಡಿಸ್ಕ್ ತಪಾಸಣೆಗೆ ಇಳಿಯುವುದಿಲ್ಲ. ಸಾಯುತ್ತಿರುವ ಹಾರ್ಡ್ ಡಿಸ್ಕನ್ನು ಚೆಕ್‌ಡಿಸ್ಕ್ ಇನ್ನಷ್ಟು ದಣಿಸಿ, ಉಳಿದದ್ದನ್ನೂ ಕೈಬಿಡುವಂತೆ ಮಾಡಬಹುದು. ಹಾಗಾಗಿ ಮೊದಲು ಕಡತಗಳನ್ನು ಬೇರೆ ಡಿಸ್ಕಿಗೆ ದಾಟಿಸಿ, ರ‍್ಯಾಮ್ ತೆಗೆದು ಅದರ ತುದಿಗೆ ಹಿಡಿದ ಕಿಲುಬನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುತ್ತಾರೆ. ಮಲೆನಾಡಿನ ತೇವಕ್ಕೆ ಈ ಕಿಲುಬು ಬೇಗ ಹಿಡಿಯುತ್ತದೆ, ರ‍್ಯಾಮ್ ತೊಂದರೆ ಸಾಫ್ಟ್‌ವೇರ್ ಕಾಯಿಲೆಯಂತೆಯೇ ಕಾಣುತ್ತದೆ. ಆಮೇಲಷ್ಟೇ ಸಿಸ್ಟಮ್ ಫೈಲುಗಳನ್ನು ಸರಿಪಡಿಸುವ ಆಜ್ಞೆಗಳು.

ಎಲ್ಲ ಮುಗಿದ ಮೇಲೆ ಉಳಿಯುವುದು ಫಾರ್ಮ್ಯಾಟ್. 'ಫಾರ್ಮ್ಯಾಟ್ ಹೊಡೆದುಬಿಡೋಣ' ಎಂದು ಮೊದಲ ಮಾತಿಗೇ ಹೇಳುವವರಿಗಿಂತ, 'ಕನ್ನಡ ಯಾವುದರಲ್ಲಿ ಬರೀತೀರಿ?' ಎಂದು ಕೇಳುವವರೇ ಈ ಕಸುಬಿನ ಮರ್ಯಾದೆ ಉಳಿಸಿದವರು ಎಂದು ನನ್ನ ದೃಢ ನಂಬಿಕೆ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಅಕ್ಷರಗಳಿಂದ ಬೆರಳಚ್ಚಾದ ಸಂಘದ ನಡಾವಳಿ, ಯಕ್ಷಗಾನ ಪ್ರಸಂಗ, ವಂಶಾವಳಿಗಳು ಊರೂರಿನ ಕಂಪ್ಯೂಟರ್‌ಗಳಲ್ಲಿವೆ. ಕಡತ ಉಳಿದರೂ ಆ ಫಾಂಟ್ ಹೋದರೆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಫಾಂಟನ್ನು ಮತ್ತೆ ಹಾಕಿದರೆ ಕನ್ನಡ ಮರಳುತ್ತದೆ, ಅಥವಾ ಪರಿವರ್ತಕದಿಂದ ಯೂನಿಕೋಡಿಗೆ ತರಬಹುದು. ಇದು ಗೊತ್ತಿಲ್ಲದೆ 'ಫೈಲ್ ಕೆಟ್ಟಿದೆ' ಎಂದು ಅಳಿಸಿದರೆ ಒಂದು ಮನೆತನದ ಬರವಣಿಗೆಯೇ ಹೋದಂತೆ.

ಕಂಪ್ಯೂಟರ್ ಚೆನ್ನಾಗಿರುವಾಗಲೇ ಓದುಗರು ಒಂದು ಕೆಲಸ ಮಾಡಬೇಕು. ಸ್ಟಾರ್ಟ್ ಮೆನುವಿನಲ್ಲಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಎಂದು ಹುಡುಕಿ, ಸಿ ಡ್ರೈವಿನ ರಕ್ಷಣೆ ಆನ್ ಮಾಡಿ, ಒಂದು ಗುರುತು ಹಾಕಿಡಿ. ಲೆಕ್ಕ, ಫೋಟೊ, ಬರಹಗಳ ಪ್ರತಿಯನ್ನು ಹೊರಗಿನ ಡಿಸ್ಕಿಗೆ ಹಾಕಿ, ಜೊತೆಗೆ ನಿಮ್ಮ ಕನ್ನಡ ಫಾಂಟನ್ನೂ ಸೇರಿಸಿ. ಗುಡುಗು ಶುರುವಾಗುವ ಮೊದಲೇ ಪ್ಲಗ್ಗಿನ ಜೊತೆ ಇಂಟರ್ನೆಟ್ ತಂತಿಯನ್ನೂ ಕಿತ್ತಿಡಿ. ಸಿಡಿಲು ಆ ದಾರಿಯಲ್ಲೂ ಬರುತ್ತದೆ.